ಹೆಗಲು ಕೇಳುವ ರಾಗ

ಆ ಹಮಾಲರ ತಂಡದಲ್ಲಿ ಭಾರ ಹೊರದೆ ಕೂಲಿ ಪಡೆಯುತ್ತಿದ್ದವನು ಒಬ್ಬನೇ. ಅವನನ್ನು ಎಲ್ಲರೂ ಗಂಟಲಣ್ಣ ಎನ್ನುತ್ತಿದ್ದರು. ಗಿರಣಿಯ ಕಬ್ಬಿಣದ ಉರುಳೆಯೋ, ಹಳೆಯ ಬಾಯ್ಲರೋ, ಏನೇ ಇರಲಿ, ದಪ್ಪ ಗಳಕ್ಕೆ ಹಗ್ಗದಲ್ಲಿ ತೂಗುಹಾಕಿ ಹೆಗಲ ಮೇಲೆ ಸಾಗಿಸುವ ಕೆಲಸ. ಎಲ್ಲ ಹೆಗಲೂ ಒಟ್ಟಿಗೆ ಏಳಬೇಕು. ಒಂದು ತಡವಾದರೆ ಇನ್ನೊಬ್ಬನ ಬೆನ್ನು ಮುರಿಯಿತು ಎಂದೇ ಲೆಕ್ಕ. ಯಾವಾಗ ಏಳಬೇಕೆಂದು ಹೇಳುವುದು ಗಂಟಲಣ್ಣನ ಕೂಗು.

ಕೂಗು ಎಂದರೆ ಮಾತಲ್ಲ. ದನಿ ಮೆಟ್ಟಿಲು ಹತ್ತಿದ ಹಾಗೆ ಏರಬೇಕು, ಮೇಲೆ ಒಂದು ಉಸಿರಿನಷ್ಟು ತೂಗಬೇಕು, ಆಮೇಲೆ ಒತ್ತಿ ಇಳಿಯಬೇಕು. ದನಿ ಇಳಿದರೆ ಹೆಗಲು ಏಳುತ್ತದೆ. ಬಾಯಲ್ಲಿ ಏನಿದ್ದರೂ ನಡೆಯುತ್ತದೆ. "ಧಣಿಯ ಹೊಟ್ಟೇ... ಹಂಡೆ" ಎಂದರೂ ಭಾರ ಏಳುತ್ತಿತ್ತು. ಒಮ್ಮೆ ತಮಾಷೆಗೆ "ಎಲ್ಲಾರೂ ಈಗಾ... ಕೂತ್ಕೊಳ್ಳಿ" ಎಂದು ಕೂಗಿದ. ಒಬ್ಬನೂ ಕೂರಲಿಲ್ಲ, ಉರುಳೆ ನೆಲ ಬಿಟ್ಟು ಎದ್ದಿತು. ಮುಂದಿನ ತುದಿಗೆ ಹೆಗಲು ಕೊಡುತ್ತಿದ್ದವನು ಅವನ ತಂಗಿಯ ಗಂಡ. ಭಾರ ಇಳಿಸಿದ ಮೇಲೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನ ಮಾತು ಯಾವನಿಗೆ ಬೇಕು ಭಾವಾ. ರಾಗ ಹಾಕು, ಸಾಕು."

ಹಾಗೆ ನಕ್ಕ ತಂಗಿಯ ಗಂಡನೇ ಒಂದು ದಿನ ಇಳಿಜಾರಿನ ಹಲಗೆಯ ಮೇಲೆ ಸತ್ತ.

ಅಂದು ಗಂಟಲಣ್ಣ ಕೂಗು ಶುರುಮಾಡಿ ದನಿಯನ್ನು ಮೇಲೆ ಒಯ್ದಿದ್ದ. ಅಷ್ಟರಲ್ಲಿ ಹಗ್ಗದ ಎಳೆಗಳು ಬಿಟ್ಟುಕೊಳ್ಳುವುದು ಕಣ್ಣಿಗೆ ಬಿತ್ತು. "ನಿಲ್ಲಿ" ಎಂದ. ಬಾಯಿ ಮಾತನ್ನು ಬದಲಿಸಿತು, ಗಂಟಲು ರಾಗವನ್ನು ಬದಲಿಸಲಿಲ್ಲ. ಆ "ನಿಲ್ಲಿ" ದಿನಾ ಇಳಿಯುವ ಹಾಗೆಯೇ ಒತ್ತಿ ಇಳಿಯಿತು. ಹೆಗಲುಗಳು ಎದ್ದವು. ಉರುಳೆ ಹಗ್ಗ ಹರಿದುಕೊಂಡು ಮುಂದಿನವನ ಎದೆಯ ಮೇಲೆ ಹೋಯಿತು.

ಗಿರಣಿಯ ಅಂಗಳದ ಮೇಸ್ತ್ರಿ ವಿಚಾರಣೆ ಮಾಡಿದ. "ನೀನು ಏನಂದೆ?"

"ನಿಲ್ಲಿ ಅಂದೆ."

ಸುಳ್ಳೇನಲ್ಲ. ಉಳಿದವರಿಗೆ ನಡೆದದ್ದು ಗೊತ್ತಿತ್ತು, ಗಂಟಲಣ್ಣನ ಅನ್ನಕ್ಕೆ ಕಲ್ಲು ಬೀಳಬಾರದೆಂದು ತುಟಿ ಹೊಲಿದುಕೊಂಡರು. ಮೇಸ್ತ್ರಿಗೂ ಅದೇ ಬೇಕಿತ್ತು; ಕೊಳೆತ ಹಗ್ಗದ ಸುದ್ದಿ ಯಾರೂ ಎತ್ತಲಿಲ್ಲ. ಹೇಳಿದ ಮಾತು ಕೇಳದೆ ಸತ್ತ ಎಂದು ತೀರ್ಮಾನವಾಯಿತು. ಬೀದಿಯ ನಲ್ಲಿಯ ಹತ್ತಿರವೂ ಹೆಂಗಸರು ಅದನ್ನೇ ಹೇಳಿದರು. ಪಾಪ, ಕಿವಿ ಇದ್ದೂ ಕಿವುಡ.

ಗಂಟಲಣ್ಣನನ್ನು ದೆವ್ವ ಹಿಡಿದದ್ದು ಆಮೇಲೆ. ದೆವ್ವಕ್ಕೆ ಮುಖವಿರಲಿಲ್ಲ, ರಾಗವಿತ್ತು. ಹೆಂಡತಿ "ಊಟಕ್ಕೆ ಏಳ್ತೀರಾ, ಇಲ್ವಾ" ಎಂದರೆ ಏಳ್ತೀರಾದಲ್ಲಿ ದನಿ ಏರುತ್ತಿತ್ತು, ಇಲ್ವಾದಲ್ಲಿ ಇಳಿಯುತ್ತಿತ್ತು, ಇಳಿದ ಕಡೆ ಅವನ ಕಿವಿಯಲ್ಲಿ ಕಬ್ಬಿಣ ಬೀಳುತ್ತಿತ್ತು. ಪಾತ್ರೆ ಮಾರುವವನು ಬೀದಿಯ ತುದಿಯಲ್ಲಿ ಕೂಗಿದರೂ ಅಷ್ಟೇ. ತನ್ನ ಬಾಯಿಂದ ಅದು ಬರದಿರಲೆಂದು ಅವನು ಏರಿಳಿತವನ್ನೇ ಕಿತ್ತು ಹಾಕಿ ಮಾತಾಡತೊಡಗಿದ. ನೀರು ಕೊಡು ಎನ್ನುವುದೂ ಮನೆ ಸುಟ್ಟುಹೋಯಿತು ಎನ್ನುವುದೂ ಒಂದೇ ಮಟ್ಟ. ಕೂಗುವುದನ್ನೂ ಬಿಟ್ಟ; ಗಂಟಲು ಕೆಟ್ಟಿದೆ ಎಂದು ಹೇಳಿ ಅಂಗಳ ಗುಡಿಸುತ್ತಿದ್ದ.

"ಬೈಯೋದಾದ್ರೆ ಬೈರಿ," ಎಂದಳು ಹೆಂಡತಿ. "ಗೋಡೆ ಜೊತೆ ಸಂಸಾರ ಮಾಡ್ದಂಗಾಗಿದೆ ನಂಗೆ."

ತಂಗಿ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಒಳಗೆ ಕರೆದರೂ ಬರದೆ ಹೊಸ್ತಿಲಲ್ಲೇ ನಿಂತಳು.

"ಅಣ್ಣಾ, ಅವತ್ತು ಹೆಂಗೆ ಕೂಗ್ದೆ, ಹಂಗೇ ಕೂಗು."

"ನಿಲ್ಲಿ ಅಂದೆ ಕಣಮ್ಮ."

"ಏನಂದೆ ಅಂತ ಕೇಳ್ಲಿಲ್ಲ. ಹೆಂಗಂದೆ ಅಂತ ಕೇಳ್ದೆ. ನಿನ್ನ ಕೂಗಿಗೆ ಅವರು ನಿದ್ದೇಲೂ ಹೆಗಲು ಎತ್ತೋರು. ಪಕ್ಕದಲ್ಲಿ ಮಲಗಿದ್ದೋಳು ನಾನು. ಅವರು ಕೇಳ್ಲಿಲ್ಲ ಅಂದ್ರೆ ನಾನು ನಂಬಲ್ಲ."

ಅವನು ಬಾಯಿ ತೆರೆದ. ದನಿ ಏರಲಿಲ್ಲ. ತಂಗಿ ಕಾದು ನೋಡಿದಳು.

"ಇಲ್ಲಿ ಬೇಡ ಬಿಡು. ನನಗೊಬ್ಬಳಿಗೆ ತಿಳಿದು ಏನಾಗ್ಬೇಕು? ಅವರನ್ನ ಕಿವುಡ ಅಂದೋರ ಎದುರಿಗೆ ಕೂಗು. ಕೂಗದೇ ಇದ್ರೆ ನನಗೆ ಅಣ್ಣ ಅಂತ ಯಾರೂ ಇಲ್ಲ."

ಮಾರನೆಯ ದಿನ ಕೆಲಸ ಶುರುವಾಗುವ ಹೊತ್ತಿಗೆ ಅಂಗಳದಲ್ಲಿ ಗಂಟಲಣ್ಣನ ತಂಡವೂ ಗಿರಣಿಯ ಇನ್ನೊಂದು ತಂಡವೂ ಬೀಡಿ ಸೇದುತ್ತ ನಿಂತಿದ್ದವು. ಮೇಸ್ತ್ರಿ ತಗಡಿನ ಶೆಡ್ಡಿನ ಬಾಗಿಲಲ್ಲಿ ಚಹಾದ ಲೋಟ ಹಿಡಿದಿದ್ದ. ಇಪ್ಪತ್ತು ವರ್ಷ ಹೆಗಲ ಮೇಲೆ ಗಳ ಹೊತ್ತು ಮೇಲೆ ಬಂದವನೇ ಅವನೂ. ತಂಗಿ ಗೇಟಿನ ಒಳಗೆ ಬಂದು ಕಂಬದ ಪಕ್ಕ ನಿಂತಳು.

"ಸಾಮಿ, ಅವತ್ತಿನ ಕೂಗು ನೀವು ಕೇಳಿಲ್ಲ," ಎಂದ ಗಂಟಲಣ್ಣ. "ಕೇಳಿ."

"ಬೆಳಗ್ಗೆ ಬೆಳಗ್ಗೆ ಇದೊಂದು ನಾಟಕ. ಕೂಗಪ್ಪ, ಕೂಗು."

ಗಂಟಲು ತುಕ್ಕು ಹಿಡಿದ ಬಾಗಿಲಿನಂತೆ ಮೊದಲು ಕಿರುಗುಟ್ಟಿತು. ಆಮೇಲೆ ಏರಿತು. ಮೇಲೆ ತೂಗಿತು. ಒಳಗೆಲ್ಲೋ ಸತ್ತವನ ಉಸಿರೂ ಜೊತೆಗೆ ತಡೆದು ನಿಂತಂತೆ ಅವನಿಗನ್ನಿಸಿತು. ಮತ್ತೆ ಒತ್ತಿ ಇಳಿಯಿತು:

"ಎಲ್ಲಾರೂ ಸೇರೀ... ನಿಲ್ಲಿ."

ಹೊರಲು ಏನೂ ಇರಲಿಲ್ಲ. ಆದರೂ ಸಾಲಾಗಿ ನಿಂತಿದ್ದವರ ಬಲ ಹೆಗಲುಗಳು ಒಟ್ಟಿಗೆ ಎದ್ದವು. ಮೇಸ್ತ್ರಿಯ ಹೆಗಲೂ ಎದ್ದಿತು. ಲೋಟದ ಚಹಾ ಅವನ ಅಂಗಿಯ ಮೇಲೆ ಚೆಲ್ಲಿತು. ಅವನು ಆ ಕಲೆಯನ್ನು ನೋಡಿದ, ತನ್ನ ಹೆಗಲನ್ನು ನೋಡಿದ.

"ಮಾತು ಕೇಳದೆ ಸಾಯ್ಲಿಲ್ಲ ಅವರು," ಎಂದಳು ತಂಗಿ, ಎಲ್ಲರಿಗೂ ಕೇಳುವ ಹಾಗೆ.

"ಇಲ್ಲಮ್ಮ," ಎಂದ ಗಂಟಲಣ್ಣ. "ನನ್ನ ಕೂಗು ಕೇಳ್ಕೊಂಡೇ ಸತ್ತ."

ಮೇಸ್ತ್ರಿ ಲೋಟವನ್ನು ಕಿಟಕಿಯ ಮೇಲಿಟ್ಟ. "ನಾಳೆಯಿಂದ ನೀನು ಬರ್ಬೇಡ."

"ಹಗ್ಗ ಬದಲಾಯ್ಸಿ," ಎಂದು ಹೇಳಿ ಗಂಟಲಣ್ಣ ಗೇಟಿನತ್ತ ನಡೆದ. ತಂಗಿ ಅವನಿಗಿಂತ ಮೊದಲೇ ಹೊರಟಿದ್ದಳು, ನಲ್ಲಿಯಿದ್ದ ದಾರಿಯಲ್ಲಿ, ತಲೆ ಎತ್ತಿಕೊಂಡು. ಹಿಂದಿರುಗಿ ಅಣ್ಣನನ್ನು ನೋಡಲಿಲ್ಲ. ಅವನೂ ಕರೆಯಲಿಲ್ಲ.

ಅಂಗಳದಲ್ಲಿ ಇನ್ನೊಂದು ತಂಡದ ಕೂಗಾಳು ಕೆಲಸ ಶುರುಮಾಡಿ ದನಿ ಏರಿಸಿದ. ಅದು ಇಳಿಯುವ ಮೊದಲೇ ಗಂಟಲಣ್ಣ ಎರಡೂ ಕಿವಿ ಮುಚ್ಚಿಕೊಂಡ.