ನಮ್ಮೋರು ಕೇಳಿದ ಒಟಿಪಿ

ಮಾಹಿತಿ ಸುರಕ್ಷತೆಯ ತರಬೇತಿಗೆಂದು ನಮ್ಮ ಕಾಲೇಜು ಕೊಡಲು ಒಪ್ಪಿದ್ದು ಒಂದು ಮಧ್ಯಾಹ್ನ ಮತ್ತು ಒಂದು ತಟ್ಟೆ ಬೋಂಡ. ಬೆಂಗಳೂರಿನ ಸಂಸ್ಥೆಗಳು ಕೇಳುವ ಶುಲ್ಕ ಶಿಡ್ಲಘಟ್ಟದ ಸಣ್ಣ ಕಾಲೇಜಿಗೆ ಎಟುಕುವಂಥದ್ದಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಯ ನಮ್ಮಂಥವೇ ಕಾಲೇಜುಗಳ ಜೊತೆ ಸೇರಿ ಒಬ್ಬ ತರಬೇತುದಾರನನ್ನು ಹಂಚಿಕೊಳ್ಳೋಣ ಎಂದು ವಾದಿಸಿ ಗೆದ್ದವಳು ನಾನೇ. ಚರ್ಚಾಸ್ಪರ್ಧೆಯ ಚಟ ಕಂಪ್ಯೂಟರ್ ಪಾಠ ಹೇಳಲು ಬಂದ ಮೇಲೂ ಬಿಟ್ಟಿಲ್ಲ.

ಬಂದಾತ ಪರದೆಯ ಮೇಲೆ ದಪ್ಪಕ್ಷರದಲ್ಲಿ ತೋರಿಸಿದ: ‘ಅಪರಿಚಿತರಿಗೆ ಒಟಿಪಿ ಹೇಳಬೇಡಿ.’ ಎಲ್ಲರೂ ತಲೆಯಾಡಿಸಿದರು. ಆಫೀಸಿನ ಸೂಪರಿಂಟೆಂಡೆಂಟರು ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿಕೊಂಡರು, ಪಾಸ್‌ವರ್ಡ್ ಬರೆದಿದ್ದ ಚೀಟಿಯ ಪಕ್ಕದಲ್ಲೇ. ಪಾಸ್‌ವರ್ಡಿನದನ್ನು ಕಿತ್ತುಹಾಕಿ ಸಾರ್ ಎಂದರೆ, “ಮರ್ತೋಗುತ್ತೆ ಕಣಮ್ಮ” ಅಂದರು.

ವಿದ್ಯಾರ್ಥಿವೇತನದ ಅರ್ಜಿಗಳಿಗೆ ಕಾಲೇಜು ಆನ್‌ಲೈನಿನಲ್ಲಿ ಒಪ್ಪಿಗೆ ಕೊಡಬೇಕಾದ ಕೊನೆಯ ವಾರ ಅದು. ಜಂಗಮಕೋಟೆಯ ಬಿ.ಕಾಂ. ಹುಡುಗಿಯೊಬ್ಬಳು ಕೌಂಟರಿಗೆ ಅಂಟಿಕೊಂಡು ನಿಂತಿದ್ದಳು. ಆ ಹಣ ಬಾರದಿದ್ದರೆ ಅವಳ ಕೊನೆಯ ವರ್ಷದ ಓದು ಅಲ್ಲಿಗೇ ನಿಲ್ಲುತ್ತಿತ್ತು.

“ಲಾಗಿನ್ನೇ ಆಗ್ತಿಲ್ಲ, ನಾಳೆ ಬಾಮ್ಮ” ಎಂದರು ಸೂಪರಿಂಟೆಂಡೆಂಟರು.

ನನಗೆ ಅನುಮಾನ ಬಂತು. “ಯಾರಿಗಾದ್ರೂ ಒಟಿಪಿ ಹೇಳಿದ್ರಾ ಸಾರ್?”

“ಅಪರಿಚಿತರಿಗೆ ಯಾರಿಗೂ ಹೇಳಿಲ್ಲಮ್ಮ.”

“ಪರಿಚಯದೋರಿಗೆ?”

“ಇಲಾಖೆಯಿಂದ ಒಬ್ರು ಫೋನ್ ಮಾಡಿದ್ರು. ‘ಬಾಗುನ್ನಾರಾ ಸಾರ್’ ಅಂತ ಎಷ್ಟು ಚೆನ್ನಾಗಿ ತೆಲುಗಲ್ಲಿ ವಿಚಾರಿಸ್ಕೊಂಡ್ರು ಗೊತ್ತಾ? ಮೇಲೂರಲ್ಲಿ ಅವರ ಅತ್ತೆ ಮನೆಯಂತೆ. ನಮ್ಮೋರೇ.”

“ಹೆಸರು?”

“ಅಷ್ಟು ಮಾತಾಡಿದ್ಮೇಲೆ ಹೆಸರು ಕೇಳಿದ್ರೆ ಚೆನ್ನಾಗಿರುತ್ತಾ?”

ಆ ನಮ್ಮೋರು ಕಾಲೇಜಿನ ಲಾಗಿನ್ನಿನ ಪಾಸ್‌ವರ್ಡ್ ಬದಲಾಯಿಸಿ ಕೂತಿದ್ದರು. ಎಲ್ಲೋ ಕೂತು ಮಾಡಿದ ಸ್ಲೈಡಿನಲ್ಲಿ ‘ಅಪರಿಚಿತರು’ ಎಂದು ಬರೆದವನನ್ನು ಒಮ್ಮೆ ಚರ್ಚಾಸ್ಪರ್ಧೆಯ ಎದುರು ತಂಡದಲ್ಲಿ ಕೂರಿಸಿಕೊಳ್ಳಬೇಕೆನಿಸಿತು. ಯಾವೂರು, ಯಾರ ಕಡೆಯೋರು ಎಂಬೆರಡು ಪ್ರಶ್ನೆ ಮುಗಿದ ಮೇಲೂ ಅಪರಿಚಿತರಾಗಿ ಉಳಿಯುವವರು ನಮ್ಮ ಜಿಲ್ಲೆಯಲ್ಲಿ ಎಲ್ಲಿದ್ದಾರೆ? ಇದನ್ನೇ ಪ್ರಿನ್ಸಿಪಾಲರ ಮುಂದೆ ವಾದಿಸತೊಡಗಿದೆ. “ಡಿಬೇಟು ಆಮೇಲೆ ಮಾಡಮ್ಮ, ಮೊದ್ಲು ಚಿಕ್ಕಬಳ್ಳಾಪುರಕ್ಕೆ ಹೋಗಿ ಹೊಸ ಲಾಗಿನ್ ತಗೊಂಡು ಬಾ” ಎಂದರು.

ಹೊರಡುವ ಮುನ್ನ ಆ ಚೀಟಿಯಲ್ಲಿ ‘ಅಪರಿಚಿತರಿಗೆ’ ಎಂಬುದನ್ನು ಹೊಡೆದುಹಾಕಿ ‘ಯಾರಿಗೂ’ ಎಂದು ಬರೆದೆ. “ಯಾರಿಗೂ ಅಂದ್ರೆ ಯಾರಿಗೂ, ಸಾರ್. ನಿಮ್ಮ ಅತ್ತೆ ಮನೆಯೋರಿಗೂ.”

ಜಿಲ್ಲಾ ಕಚೇರಿಯಲ್ಲಿ ಅಲೆದಾಡಿ ಹೊಸ ಲಾಗಿನ್ ಕೈಗೆ ಬಂದಾಗ ಉಳಿದಿದ್ದು ಕೊನೆಯ ದಿನದ ಸಂಜೆ ಮಾತ್ರ. ಹುಡುಗಿ ಕೌಂಟರಿನಲ್ಲೇ ಇದ್ದಳು. ನಾನು ಕೀಬೋರ್ಡಿನ ಮುಂದೆ ಕೂತೆ. ಸೂಪರಿಂಟೆಂಡೆಂಟರ ಫೋನು ಸದ್ದು ಮಾಡಿತು.

“ಒಟಿಪಿ ಹೇಳಿ ಸಾರ್, ಬೇಗ” ಎಂದೆ.

ಅವರು ಫೋನನ್ನು ಎದೆಗವಚಿಕೊಂಡರು. “ಯಾರಿಗೂ ಅಂದ್ರಲ್ಲಮ್ಮ.”

“ಸಾರ್, ನಾನು.”

“ನೀವೇ ಹೇಳಿದ್ದು. ಏಳಿ ಮೇಲೆ.”

ಎದ್ದೆ. ಅವರು ಕೂತು, ಕನ್ನಡಕ ಹುಡುಕಿ ಒಂದೇ ಬೆರಳಲ್ಲಿ ಒತ್ತುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿತ್ತು. ಹುಡುಗಿ ನನ್ನನ್ನೇ ನೋಡಿದಳು, ತಪ್ಪು ನನ್ನದೆಂಬಂತೆ. ಮತ್ತೊಂದು ತರಿಸಿ, ಅದನ್ನೂ ಅಷ್ಟೇ ನಿಧಾನವಾಗಿ ಒತ್ತಿದರು. ಈ ಸಲ ಒಳಗೆ ಬಿಟ್ಟಿತು. ಅವಳ ಅರ್ಜಿ ಹುಡುಕಿ ಒಪ್ಪಿಗೆ ಕೊಟ್ಟರು.

“ನಿಜವಾಗ್ಲೂ ಆಯ್ತಾ ಸಾರ್?”

“ನೋಡ್ಕೋ ಬಾಮ್ಮ, ಜಂಗಮಕೋಟೆಯೋಳು, ನಮ್ಮೋಳೇ ಅಲ್ವಾ ನೀನು” ಎನ್ನುತ್ತಾ ಮಾನಿಟರನ್ನೇ ಅವಳ ಕಡೆಗೆ ತಿರುಗಿಸಿದರು, ಹೊಸ ಪಾಸ್‌ವರ್ಡಿನ ಹೊಸ ಚೀಟಿಯ ಸಮೇತ.