ಆಟೀನ್ ರಾಣಿಯ ಕಟ್ಟು

ಆಗ ಶಿವನಸಮುದ್ರದ ಕರೆಂಟು ಎಲ್ಲೆಲ್ಲಿಗೋ ಹೋಗುತ್ತಿತ್ತು, ನಮ್ಮ ಪೂರಿಗಾಲಿಗೆ ಮಾತ್ರ ಬಂದಿರಲಿಲ್ಲ. ಆ ಕಾಲದ ಹಿರಿಯರು ಮಹಾ ಬುದ್ಧಿವಂತರು ಅಂತ ಈಗ ಎಲ್ಲರೂ ಬರೆಯುತ್ತಾರೆ. ನಾನು ಕಂಡವರಂತೂ ಅಲ್ಲ.

ನನಗೆ ಹತ್ತು ವರ್ಷ. ಪವರ್‌ಹೌಸಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಒಂದು ಇಸ್ಪೀಟು ಕಟ್ಟು ತಂದಿದ್ದ. ಬೀಡಿ ವಾಸನೆ, ಮಿಷನ್ ಎಣ್ಣೆ ವಾಸನೆ. ಅರ್ಧ ಕಟ್ಟು ಬರೀ ಆಟೀನ್ ರಾಣಿ. ಬೇರೆ ಎಲೆಗಳ ನಡುವೆ ಒಂದು ಬಿಟ್ಟು ಒಂದು ಸೇರಿಸಿದ್ದರು. ರಾಣಿಯರನ್ನು ಕೂದಲೆಳೆಯಷ್ಟು ಗಿಡ್ಡ ಕತ್ತರಿಸಿದ್ದರು. ಹೆಬ್ಬೆರಳಲ್ಲಿ ಪರಪರನೆ ಬಿಟ್ಟರೆ ಬೇರೆ ಬೇರೆ ಎಲೆ ಕಾಣುತ್ತಿದ್ದವು. ಬೆರಳಿಟ್ಟು ತಡೆದಲ್ಲೆಲ್ಲ ರಾಣಿಯೇ ಸಿಗುತ್ತಿದ್ದಳು.

“ಕೈಚಳಕ ಏನೂ ಬ್ಯಾಡ ಕಣಮ್ಮಿ, ಕಟ್ಟೇ ಕೆಲ್ಸ ಮಾಡ್ತದೆ. ತಾವೇ ಆರಿಸ್ಕಂಡೋ ಅಂತ ನೋಡೋರು ಅಂದ್ಕತಾರೆ,” ಎಂದ ಮಾವ.

ಅರ್ಧ ದಿನದಲ್ಲಿ ಕಲಿತೆ. ಜಗಲಿ ಮೇಲಿನ ಹಿರಿಯರೆಲ್ಲ ಬಾಯಿಬಿಟ್ಟರು. ಒಬ್ಬನಂತೂ ನನಗೆ ಕೈಮುಗಿದ. ಎಮ್ಮೆಯನ್ನೂ ಅಷ್ಟು ಸುಲಭವಾಗಿ ಏಮಾರಿಸಲಾಗದು. ಹದಿನಾಲ್ಕರ ಅಕ್ಕ ಮಾತ್ರ ಎರಡನೇ ಸಲವೂ ರಾಣಿಯೇ ಬಂದೊಡನೆ ಕಟ್ಟು ಕಿತ್ತುಕೊಂಡು ಮೊರಕ್ಕೆ ಸುರಿದಳು. “ಲೇ ಕಳ್ಳಿ! ಎಲ್ಲಾನೂ ತಿರುಗ್ಸಿ ನೋಡ್ಬೇಕು ಕಣೆ,” ಎಂದು ನಕ್ಕಳು.

ಅದೇ ತಿಂಗಳು ಅವಳಿಗೆ ದುದ್ದದಿಂದ ಗಂಡು ಬಂತು. ಹೆಂಡತಿ ಸತ್ತವನು, ಅಪ್ಪನಿಗಿಂತ ದೊಡ್ಡವನು. ಅವನ ಗದ್ದೆಗೆ ನಾಲೆ ನೀರಿದೆ ಎಂದು ಅಜ್ಜ ಜೊಲ್ಲು ಸುರಿಸಿದ. ಅವ್ವ ಅತ್ತಳು, ಬೇಡ ಎಂದಳು. ಹಾಗಾದರೆ ದೇವರನ್ನೇ ಕೇಳೋಣ ಎಂದ ಅಜ್ಜ. ನಮ್ಮಲ್ಲಿ ಬಿಳಿ ಕಣಗಲೆ, ಕೆಂಪು ಕಣಗಲೆ ಹೂಗಳನ್ನು ಬಾಳೆಲೆಯಲ್ಲಿ ಬೇರೆ ಬೇರೆ ಪೊಟ್ಟಣ ಕಟ್ಟಿ, ದೇವರ ಮುಂದಿಟ್ಟು, ಮಗುವಿನ ಕೈಲಿ ಒಂದನ್ನು ಎತ್ತಿಸುತ್ತಾರೆ. ಬಿಳಿ ಬಂದರೆ ಆಗಲಿ, ಕೆಂಪು ಬಂದರೆ ಬೇಡ.

ಪೊಟ್ಟಣ ಕಟ್ಟಿದವನು ಅಜ್ಜ, ಎತ್ತಿದವಳು ನಾನು. ಬಿಳಿ ಬಂತು. ಇನ್ನೊಂದನ್ನು ಅವನು ಸರಕ್ಕನೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೋದ. ಕಿತ್ತುಕೊಂಡು ಬಿಚ್ಚಿದೆ.

“ನೋಡವ್ವ, ಇದೂ ಬಿಳೀನೇ!”

ಅಜ್ಜ ಬೆವರಲೂ ಇಲ್ಲ. “ನೋಡುದ್ರಾ? ದ್ಯಾವ್ರು ಎಲ್ಡು ಸಲ ಆಗ್ಲಿ ಅಂದವ್ನೆ,” ಎಂದ. ನೆರೆದವರೆಲ್ಲ ಕೆನ್ನೆ ಬಡಿದುಕೊಂಡು ಕೈಮುಗಿದರು. ಕಟ್ಟಿನ ಗುಟ್ಟು ಕಲಿಸಿದ ಮಾವನೂ ನೆಲ ನೋಡುತ್ತ ನಿಂತ, ಹೇಡಿ.

ಅಕ್ಕ ಎರಡನೇ ಹೆರಿಗೆಯಲ್ಲಿ ಹೋದಳು. ಹದಿನೆಂಟು ತುಂಬಿರಲಿಲ್ಲ. ಅಜ್ಜ ಆ ಗದ್ದೆಯ ಅಕ್ಕಿ ಉಂಡು ಗುಂಡುಕಲ್ಲಿನ ಹಾಗೆ ಬದುಕಿದ. ಈಗ ನನ್ನ ಕಡೇ ಮೊಮ್ಮಗಳೂ ಆಗಿನ ಅಕ್ಕನಿಗಿಂತ ದೊಡ್ಡವಳು. ಅಕ್ಕನ ಫೋಟೋ ಒಂದೂ ಇಲ್ಲ. ಅಕ್ಕ ಎಂದು ನೆನೆದರೆ ಕಣ್ಣ ಮುಂದೆ ಬಂದು ನಿಲ್ಲುವುದು ಒಂದು ಮಗು.