ಎರಡನೆಯ ಹಾಳೆ

ಟಕ್, ಟಕ್, ಟಕ್. ಫೋಟೊ ಮುದ್ರಿಸುವ ಕತ್ತಲೆಕೋಣೆಯಿಂದ ಸೆಕೆಂಡು ಎಣಿಸುವ ತಾಳಯಂತ್ರದ ಸದ್ದು ಕೇಳಿದರೆ ಏವಿಸ್ ಕೆಲಸದಲ್ಲಿದ್ದಾಳೆ ಎಂದೇ ಅರ್ಥ. ಆ ತಾಳಕ್ಕೆ ಅವಳ ಕೈಗಳು ಬೆಳಕಿನ ಕೆಳಗೆ ಆಡುತ್ತಿದ್ದವು. ಕಾಗದದ ಮೇಲೆ ಎಲ್ಲಿ ಕೈಯ ನೆರಳು ಬಿದ್ದರೆ ಚಿತ್ರದ ಬಂಡೆಯ ಬಣ್ಣ ತಿಳಿಯಾಗುತ್ತದೆಂದು ಬೆರಳುಗಳಿಗೇ ಗೊತ್ತಿತ್ತು. ಮಾಂಟೆರೇ ಎಂಬ ಕಡಲತೀರದ ಊರಿನಲ್ಲಿ ನಾನು ಚೌಕಟ್ಟು ಕಟ್ಟುವವಳು. ಅವಳು ಮುದ್ರಿಸಿದ ಚಿತ್ರಗಳು ಒಣಗಿ ನನ್ನ ಮೇಜಿಗೆ ಬರುತ್ತಿದ್ದವು.

ಚಿತ್ರ ತೆಗೆಯುತ್ತಿದ್ದವನು ಥರ್ಸ್ಟನ್. ಪೆಟ್ಟಿಗೆಯಂಥ ಕ್ಯಾಮೆರಾ ಹೊತ್ತು ಹೋಗಿ, ಪ್ರತಿ ನೋಟಕ್ಕೂ ಎರಡು ದೊಡ್ಡ ಫಿಲ್ಮ್ ಹಾಳೆ ತೆಗೆಯುತ್ತಿದ್ದ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಮಂಜಿನಲ್ಲಿ ನಿಂತ ಸೈಪ್ರೆಸ್ ಮರದ ಚಿತ್ರ ಅವನಿಗೆ ಹೆಸರು ತಂದಿತು. ಲೆಕ್ಕದ ಪ್ರತಿಗಳನ್ನಷ್ಟೇ ಮುದ್ರಿಸಿ, ಮತ್ತೆಂದೂ ಮುದ್ರಿಸಲಾಗದಂತೆ ಕೊನೆಯ ಪ್ರತಿ ಮುಗಿದ ದಿನ ಆ ಫಿಲ್ಮ್ ಹಾಳೆಯನ್ನೇ, ಅಂದರೆ ನೆಗೆಟಿವ್ ಅನ್ನು, ಕತ್ತರಿಸುತ್ತೇವೆಂದು ಕೊಂಡವರಿಗೆಲ್ಲ ಮಾತು ಕೊಟ್ಟಿದ್ದರು.

ಆ ದಿನ ನಾನೂ ಇದ್ದೆ. ಏವಿಸ್ ಅಭ್ಯಾಸಬಲದಿಂದ ಹಾಳೆಯ ಧೂಳು ಒರೆಸಿದಳು.

"ಸಾಯೋರಿಗೆ ಸ್ನಾನಾನಾ?" ಎಂದು ಥರ್ಸ್ಟನ್ ನಕ್ಕ.

"ಕೊಳಕಾಗಿ ಕಳಿಸೋಕೆ ನಾನೇನು ನೀನಾ, ಮುದುಕಾ?"

ಕೆಂಪು ದೀಪದಲ್ಲೇ, ಕಿಟಕಿಗೆ ಹಿಡಿದು ನೋಡದೆ ಕತ್ತರಿಸಿದಳು. ಅವನೇ ಕೈಗಿತ್ತದ್ದಲ್ಲವೇ. ಆಮೇಲೆ ಕೇಳಿದವರಿಗೆಲ್ಲ, "ನನ್ನ ಕೈಯಾರೆ ಕತ್ತರಿಸಿದೆ" ಎಂದು ಹೇಳುತ್ತಿದ್ದಳು. ಅವಳ ಮಾತೆಂದರೆ ಜನಕ್ಕೆ ಸಾಕಿತ್ತು.

ವಸಂತದಲ್ಲಿ ಯಾರೋ ಅದೇ ಚಿತ್ರದ ಹೊಸ ಪ್ರತಿಯೊಂದನ್ನು ಚೌಕಟ್ಟಿಗೆಂದು ನನ್ನ ಅಂಗಡಿಗೆ ತಂದರು. ಕಾಫಿಗೆ ಬಂದಿದ್ದ ಏವಿಸ್ ಬಗ್ಗಿ ನೋಡಿದಳು. ಎಡ ಅಂಚಿನಲ್ಲಿ ಮಸುಕಾದ ಒಂದು ಕಡಲಹಕ್ಕಿ. ಅದಿದ್ದದ್ದು ಮೊದಲ ಹಾಳೆಯಲ್ಲಿ ಮಾತ್ರ. ಎರಡನೆಯದನ್ನು ತೆಗೆಯುವಷ್ಟರಲ್ಲಿ ಹಾರಿಹೋಗಿತ್ತು. ಅವಳು ಮುದ್ರಿಸಿದ ಪ್ರತಿಯೊಂದರಲ್ಲೂ ಆ ಅಂಚು ಕಾಣದಂತೆ ಹೊರಗಿಟ್ಟಿದ್ದಳು. ಹಾಗಾಗಿ ಹಕ್ಕಿಯ ಸಂಗತಿ ಅವರಿಬ್ಬರಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ.

ಕುರ್ಚಿ ಎಳೆದುಕೊಂಡು ಕೂತಳು. ಕಾಫಿ ಆರಿತು. ನಾನೇ ಫೋನ್ ಮಾಡಿ ಥರ್ಸ್ಟನ್‌ನನ್ನು ಕರೆಸಿದೆ.

"ಹಕ್ಕಿ ಚೆನ್ನಾಗಿ ಬಂದಿದೆ," ಎಂದಳು ಏವಿಸ್.

ಅವನು ಚಿತ್ರ ನೋಡಿದ, ನನ್ನನ್ನು ನೋಡಿದ. ಟೋಪಿ ತೆಗೆದ.

"ನೀನು ಕತ್ತರಿಸಿದ್ದು ಎರಡನೇದು. ಒಳ್ಳೇದನ್ನ ಹಾಳುಮಾಡೋಕೆ ಮನಸ್ಸು ಬರಲಿಲ್ಲ, ಏವಿಸ್."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀನು ಕತ್ತರಿಸ್ತಿದ್ದೆ!"

"ಊರಿಗೆಲ್ಲ ಹೇಳ್ಕೊಂಡು ತಿರುಗಿದೀನಿ, ಥರ್ಸ್ಟನ್. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆ."

"ಬೆಳಕಿಗೆ ಹಿಡಿದು ನೋಡಬೇಕಿತ್ತಪ್ಪಾ ನೀನು! ಬೇರೆ ಯಾರ ನೆಗೆಟಿವ್ ಆದ್ರೂ ನೋಡ್ತಿದ್ದೆ ತಾನೆ?"

ಏವಿಸ್ ಎದ್ದಳು. ಫೋಟೊ ತೊಳೆಯುವ ರಾಸಾಯನಿಕಕ್ಕೆ ಕಂದಿದ ಬೆರಳುಗಳಿಂದ ಕೋಟಿನ ಗುಂಡಿ ಹಾಕಿಕೊಂಡಳು.

"ಕೇಳು, ಇದು ಬೇರೆ ಕಾಗದ, ಸಣ್ಣ ಗಾತ್ರ, ಹಳೇದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ, ಬೇಕಿದ್ರೆ ಮುಂದಿನ ಪ್ರತಿಗಳನ್ನ ನೀನೇ—" ಎಂದು ಥರ್ಸ್ಟನ್ ಅವಳ ಹಿಂದೆಯೇ ಹೇಳುತ್ತಿದ್ದ.

ಬಾಗಿಲ ಗಂಟೆ ಅಲುಗಿತು. ಅವಳು ಆಗಲೇ ಬೀದಿ ದಾಟುತ್ತಿದ್ದಳು.